ಕಟ್ಟುಮರದ ಮೇಲೆ ಒಂದು ದಿವಸ

ಸಮುದ್ರವಿಹಾರವೆಂದರೆ ನಮ್ಮ ಒಳನಾಡಿನ ಗೃಹಸ್ಥರಿಗೆ ಇಂದಿಗೂ ಅಪರಿಚಿತವಾದ ವಿಷಯವೇ ಸರಿ. ಗೋಕರ್ಣಕ್ಕೋ ಮಲ್ಪೆಗೋ ಹೋದರೆ ತೀರದಲ್ಲಿ ನಿಂತು ತೆರೆಗಳಿಗೆ ಪಾದವೊಡ್ಡುವುದು, ಸಂಕಲ್ಪ ಹೇಳಿಸಿಕೊಂಡು ಮೂರು ಮುಳುಗು ಹಾಕುವುದು, ಮಕ್ಕಳು ಆಯ್ದ ಚಿಪ್ಪುಗಳನ್ನು ವಸ್ತ್ರದ ಅಂಚಿನಲ್ಲಿ ಕಟ್ಟಿಕೊಂಡು ದೀಪ ಹಚ್ಚುವ ಹೊತ್ತಿಗೆ ಬಿಡಾರಕ್ಕೆ ಹಿಂದಿರುಗುವುದು. ಇಷ್ಟಕ್ಕೆ ಸಮುದ್ರರಾಜನೊಡನೆ ನಮ್ಮ ವ್ಯವಹಾರ ಮುಗಿಯುತ್ತದೆ. ಒಂದು ಇಡೀ ಹಾಯಿನೌಕೆಯನ್ನು ನಾವಿಕರ ಸಮೇತ ನಮ್ಮ ಮನೆಯವರಿಗಾಗಿಯೇ ಗೊತ್ತುಮಾಡಿಕೊಂಡು ಬೆಳಗಿನಿಂದ ಸಂಜೆಯವರೆಗೆ ನೀರಿನ ಮೇಲೆ ಕಾಲ ಕಳೆಯುವುದೆಂದರೆ ಅದು ಸಿರಿವಂತರ ಹುಚ್ಚೆಂದೇ ನಾವು ಎಣಿಸಿದ್ದೆವು. ಕಳೆದ ದಸರೆಯ ರಜೆಯಲ್ಲಿ ನಮ್ಮ ಚಿರಂಜೀವಿಯ ಏರ್ಪಾಡಿನಿಂದ ಅಂತಹ ಒಂದು ದಿವಸ ಮಾರಿಷಸ್ ದ್ವೀಪದಲ್ಲಿ ನಮಗೇ ಒದಗಿತು. ಹುಚ್ಚೆಂಬ ಮಾತನ್ನು ನಾವು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೂ ಆ ದಿವಸ ಕಂಡದ್ದನ್ನು, ಅದಕ್ಕಿಂತ ಹೆಚ್ಚಾಗಿ ಕೇಳಿದ್ದನ್ನು, ವಾಚಕರಿಗೆ ತಿಳಿಸದೆ ಇರಲಾರೆವು.

ಹೊರಟವರು ಆರು ಮಂದಿ: ನಾವು, ನಮ್ಮ ಗೃಹಿಣಿ, ಮಗ, ಸೊಸೆ, ೯ ವರ್ಷದ ಮೊಮ್ಮಗ, ಮತ್ತು ನಮ್ಮ ಅಕ್ಕ. ಅಕ್ಕನವರಿಗೆ ೭೨ ತುಂಬಿದೆ. ತೀರ್ಥಹಳ್ಳಿಯ ಕಡೆ ಅಡಕೆಯ ತೋಟದ ಮನೆಯಲ್ಲಿ ಬಾಳಿದವರು. ತುಂಗೆಯನ್ನು ದೋಣಿಯಲ್ಲಿ ದಾಟಿದ್ದೇ ಅವರ ಜಲಯಾತ್ರೆ. ‘ಮುಂಬಯಿಯಿಂದ ಆರು ಗಂಟೆ ಆಕಾಶದಲ್ಲಿ ಕೂರಿಸಿ ಕರೆತಂದದ್ದು ಸಾಲದೆ? ಇನ್ನು ನೀರಿನ ಮೇಲೆ ಬೇರೆ ಕೂರಬೇಕೆ?’ ಎಂದು ಮೊದಲು ಆಕ್ಷೇಪಿಸಿದರು. ಮಗನು ಜನರೆಲ್ಲ ಸೇರಿ ಹೋಗುವ ದೊಡ್ಡ ನೌಕೆಯಲ್ಲಿ ಆರು ಸ್ಥಳಗಳನ್ನು ತೆಗೆದುಕೊಳ್ಳಬೇಕೆಂದಿದ್ದನು. ಆದರೆ ಹಿಂದಿನ ಸಂಜೆ ಅಂಥದೊಂದು ನೌಕೆ ತೀರಕ್ಕೆ ಹಿಂದಿರುಗುವುದನ್ನು ನಾವೇ ಕಂಡೆವು. ಮೂವತ್ತಕ್ಕೆ ಮೇಲ್ಪಟ್ಟ ಜನ, ಕಿವಿ ಒಡೆಯುವ ಯಂತ್ರಸಂಗೀತ, ಕೈಯಲ್ಲಿ ಬಟ್ಟಲು ಹಿಡಿದು ಕುಣಿಯುವವರು. ಒಬ್ಬ ಪುಣ್ಯಾತ್ಮನು ಕುಣಿಯುತ್ತ ನೀರಿಗೇ ಬಿದ್ದು, ನಗುತ್ತ ಮೇಲಕ್ಕೆ ಬಂದನು. ಅಕ್ಕನವರು ಒಂದು ಮಾತನ್ನೂ ಆಡಲಿಲ್ಲ. ಅವರ ಮುಖವನ್ನು ನೋಡಿ ಮಗನು ಎದ್ದುಹೋದನು. ಅರ್ಧ ಗಂಟೆಯ ಮೇಲೆ ಬಂದು, ನಮ್ಮೊಬ್ಬರಿಗಾಗಿಯೇ ಒಂದು ಚಿಕ್ಕ ನೌಕೆಯನ್ನು ಗೊತ್ತುಮಾಡಿದೆನೆಂದು ಹೇಳಿದನು. ಬೆಲೆಯೆಷ್ಟೆಂದು ನಾವು ಕೇಳಿದೆವು. ಅವನು ನಕ್ಕು ಸುಮ್ಮನಾದನು. ಊರಿಗೆ ಬಂದಮೇಲೆ ಬಾಯಿಬಿಡಿಸಿದಾಗ ಅದು ನಮ್ಮ ಎರಡು ತಿಂಗಳ ನಿವೃತ್ತಿವೇತನಕ್ಕೆ ಸಮವೆಂದು ತಿಳಿದುಬಂದಿತು.

ಈ ಬಗೆಯ ನೌಕೆಗೆ ಪ್ರಪಂಚವೆಲ್ಲ ಇಟ್ಟಿರುವ ಹೆಸರು ಕ್ಯಾಟಮರಾನ್ ಎಂದು. ಕಿವಿಗೆ ಪರದೇಶದ್ದೆಂದು ತೋರುವ ಈ ಶಬ್ದವು ಅಪ್ಪಟ ತಮಿಳಿನ ‘ಕಟ್ಟುಮರಂ’. ಕನ್ನಡಿಗರಿಗೆ ಇದರ ಅರ್ಥವನ್ನು ಹೇಳಬೇಕಾದುದೇ ಇಲ್ಲ, ಕಟ್ಟು, ಮರ. ಚೋಳಮಂಡಲ ತೀರದ ಬೆಸ್ತರು ಮೂರೋ ನಾಲ್ಕೋ ಹಗುರವಾದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಅವುಗಳ ಮೇಲೆ ಮಂಡಿಯೂರಿ ಕುಳಿತು, ದಡಕ್ಕೆ ಅಪ್ಪಳಿಸುವ ತೆರೆಗಳನ್ನು ಸೀಳಿಕೊಂಡು ಮೀನಿಗೆ ಹೋಗುವರು. ಹಿಂದಿರುಗಿದ ಮೇಲೆ ಕಟ್ಟನ್ನು ಬಿಚ್ಚಿ ಮರಗಳನ್ನು ಮರಳಿನ ಮೇಲೆ ಒಣಗಲಿಡುವರು. ಮೇಲೆ ನೀರು ಹರಿದರೂ ಮುಳುಗುವ ಭಯವಿಲ್ಲ, ಏಕೆಂದರೆ ನೀರು ತುಂಬಿಕೊಳ್ಳಲು ಅದರಲ್ಲಿ ಒಳಗೆಂಬುದೇ ಇಲ್ಲ. ವಿಲಿಯಂ ಡ್ಯಾಂಪಿಯರ್ ಎಂಬ ಆಂಗ್ಲ ನಾವಿಕನು ೧೬೯೭ರಲ್ಲಿ ಅಚ್ಚುಹಾಕಿಸಿದ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬರೆದಿಟ್ಟಿದ್ದಾನೆ. ಬಡ ಬೆಸ್ತರ ಬಾಯಿಂದ ಹೊರಟ ಮಾತು ಹೀಗೆ ಹಡಗು ಹತ್ತಿ ದೇಶಾಂತರ ಹೋಯಿತು.

ಆದರೆ ಈಗಿನ ವಿಹಾರನೌಕೆಗೂ ಆ ದಿಮ್ಮಿಗಳಿಗೂ ಇರುವ ನಂಟು ಬರಿಯ ಹೆಸರಿನದು. ಎರಡು ಕಿರಿದಾದ ಒಡಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನಡುವೆ ಅಟ್ಟ ಹಾಕುವ ವಿದ್ಯೆ ಶಾಂತಸಾಗರದ ದ್ವೀಪವಾಸಿಗಳದು. ಅವರು ಇಂತಹ ಜೋಡಿ ದೋಣಿಗಳಲ್ಲಿ ನಕ್ಷತ್ರಗಳನ್ನೂ ತೆರೆಗಳ ನಡೆಯನ್ನೂ ನೋಡಿಕೊಂಡು ಸಾವಿರಾರು ಮೈಲಿ ಹೋಗುತ್ತಿದ್ದರು. ಅದು ಕಟ್ಟುಕಥೆಯಲ್ಲವೆಂದು ತೋರಿಸುವುದಕ್ಕಾಗಿ ‘ಹೋಕುಲೇಅ’ ಎಂಬ ಅದೇ ಮಾದರಿಯ ದೋಣಿ ೧೯೭೬ರಲ್ಲಿ ಯಾವ ಯಂತ್ರೋಪಕರಣದ ಸಹಾಯವೂ ಇಲ್ಲದೆ ಹವಾಯಿಯಿಂದ ತಾಹಿತಿಗೆ ಹೋಗಿ ಮುಟ್ಟಿತು. ಯುರೋಪಿನವರಿಗೆ ಈ ವಿದ್ಯೆ ಬಹುಕಾಲ ರುಚಿಸಲಿಲ್ಲ. ವಿಲಿಯಂ ಪೆಟ್ಟಿ ಎಂಬ ಪಂಡಿತನು ೧೬೬೨ರಲ್ಲಿ ಡಬ್ಲಿನ್ ನಗರದಲ್ಲಿ ಜೋಡಿ ಒಡಲಿನ ಹಡಗನ್ನು ಕಟ್ಟಿಸಿ ನೋಡಿದನು. ಜನ ಸೋಜಿಗಪಟ್ಟು ಮರೆತರು. ೧೮೭೬ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಎಂಬಾತನ ‘ಅಮರಿಲಿಸ್’ ನ್ಯೂಯಾರ್ಕಿನ ಪಂದ್ಯದಲ್ಲಿ ಉಳಿದ ದೋಣಿಗಳನ್ನೆಲ್ಲ ಹಿಂದಿಕ್ಕಲು, ಸೋತವರು ತಕರಾರು ಹೂಡಿ ಆ ಜಾತಿಯ ನೌಕೆಯನ್ನೇ ಪಂದ್ಯದಿಂದ ಹೊರಗಿಡುವಂತೆ ಮಾಡಿದರು. ಮನುಷ್ಯಸ್ವಭಾವ ನೀರಿನ ಮೇಲೂ ಒಂದೇ! ಕೊನೆಗೆ ೧೯೪೭ರಲ್ಲಿ ಹವಾಯಿಯಲ್ಲಿ ವುಡಿ ಬ್ರೌನ್ ಮತ್ತು ಸಂಗಡಿಗರು ‘ಮನು ಕೈ’ ಎಂಬ ನೌಕೆಯನ್ನು ಕಟ್ಟಿ ವೈಕಿಕಿ ತೀರದ ಪ್ರವಾಸಿಗಳನ್ನು ಕೂರಿಸಿಕೊಂಡು ತಿರುಗಿಸತೊಡಗಿದರು. ಇಂದು ಬಿಸಿನಾಡುಗಳ ತೀರಗಳಲ್ಲೆಲ್ಲ ತೇಲುತ್ತಿರುವ ವಿಹಾರನೌಕೆಗಳು ಅದರ ಸಂತತಿ ಎನ್ನಬಹುದು.

ಪ್ರವಾಸಿಗಳಿಗೆ ಇದು ಹಿಡಿಸಿದ ಕಾರಣ ಸರಳವಾದುದು. ಒಂದೇ ಒಡಲಿನ ಹಾಯಿಹಡಗು ಗಾಳಿ ಹೊಡೆದ ಕಡೆಗೆ ವಾಲುತ್ತದೆ. ಅದು ಮಗುಚದಂತೆ ತಳದಲ್ಲಿ ಸೀಸದ ಅಥವಾ ಕಬ್ಬಿಣದ ಭಾರವನ್ನು ಕಟ್ಟಿರುತ್ತಾರೆ. ಜೋಡಿ ಒಡಲಿನದಾದರೋ ಕಾಲು ಅಗಲಿಸಿ ನಿಂತ ಜಟ್ಟಿಯ ಹಾಗೆ. ನಮ್ಮ ನೌಕೆ ಉದ್ದದಲ್ಲಿ ೪೦ ಅಡಿಯಾದರೆ ಅಗಲದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು. ಮೇಜಿನ ಮೇಲಿಟ್ಟ ಕಾಫಿಯ ಲೋಟ ಜಾರುವುದಿಲ್ಲ. ಮುದುಕರು ಗೋಡೆ ಹಿಡಿದು ನಡೆಯಬೇಕಾಗಿಲ್ಲ. ತಳಭಾರವಿಲ್ಲದ ಕಾರಣ ನೀರಿನಲ್ಲಿ ಆಳವಾಗಿ ಇಳಿಯುವುದಿಲ್ಲ. ಹವಳದ ದಿಬ್ಬಗಳ ಒಳಗಿನ ತೆಳುನೀರಿನಲ್ಲಿಯೂ ಸುಲಭವಾಗಿ ಸಂಚರಿಸುತ್ತದೆ. ಒಂದು ಕೊರತೆಯನ್ನೂ ಹೇಳಬೇಕು. ಇಂಥ ನೌಕೆ ಮಗುಚುವುದು ಬಹು ಅಪೂರ್ವ. ಮಗುಚಿತೆಂದರೆ ಮಾತ್ರ ತಾನಾಗಿ ನೆಟ್ಟಗಾಗುವುದಿಲ್ಲ. ಇದನ್ನು ತಂಡೇಲನು ನಮಗೆ ಹೇಳಿದಾಗ ಅಕ್ಕನವರಿಗೆ ಭಾಷಾಂತರಿಸದೆ ಬಿಟ್ಟೆವು.

ಮಾರಿಷಸ್ ಮಡಗಾಸ್ಕರಿನ ಮೂಡಲಿಗೆ, ಹಿಂದೂ ಮಹಾಸಾಗರದ ನಡುವೆ, ಬೆಂಕಿಬೆಟ್ಟಗಳಿಂದ ಹುಟ್ಟಿದ ದ್ವೀಪ. ಉದ್ದ ಸುಮಾರು ೬೫ ಕಿಲೋಮೀಟರು, ಅಗಲ ೪೫. ಸುತ್ತಲೂ ಬಹುಭಾಗಕ್ಕೆ ಹವಳದ ದಿಬ್ಬ ಕೋಟೆಯಂತೆ ನಿಂತು, ಒಳಗಿನ ನೀರನ್ನು ಕೆರೆಯಂತೆ ಶಾಂತವಾಗಿಟ್ಟಿದೆ. ಮೈಸೂರು ಸೀಮೆಯವರಿಗೆ ಈ ದ್ವೀಪ ತೀರ ಹೊಸದಲ್ಲ. ಅದು ಫ್ರೆಂಚರ ವಶದಲ್ಲಿದ್ದಾಗ ಟಿಪ್ಪೂ ಸುಲ್ತಾನನ ರಾಯಭಾರಿಗಳು ಸೈನ್ಯದ ಸಹಾಯ ಬೇಡಿ ಅಲ್ಲಿಗೆ ಹೋಗಿದ್ದರು. ೧೭೯೮ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಮಲಾರ್ತಿಕ್ ಇದನ್ನು ಗುಟ್ಟಾಗಿಡದೆ ಡಂಗುರ ಹೊಡೆಸಿ ಸ್ವಯಂಸೈನಿಕರನ್ನು ಕರೆದನು. ಬಂದ ಸೈನಿಕರು ನೂರರ ಒಳಗೆ. ಆದರೆ ಆ ಡಂಗುರವು ಕಂಪೆನಿಯವರಿಗೆ ನೆವವಾಗಿ, ಮರುವರ್ಷವೇ ಶ್ರೀರಂಗಪಟ್ಟಣ ಬಿದ್ದಿತು. ೧೮೧೦ರಲ್ಲಿ ಆ ದ್ವೀಪವೂ ಇಂಗ್ಲಿಷರ ಪಾಲಾಯಿತು. ಗುಲಾಮಗಿರಿ ರದ್ದಾದಮೇಲೆ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಆಳು ಬೇಕಾಗಿ, ೧೮೩೪ರಿಂದ ಮುಂದಕ್ಕೆ ಕರಾರಿನ ಮೇಲೆ ಭಾರತದಿಂದ ಕೂಲಿಗಳನ್ನು ತರಿಸತೊಡಗಿದರು. ೧೯೨೦ರೊಳಗಾಗಿ ಹೀಗೆ ಬಂದವರು ಐದು ಲಕ್ಷಕ್ಕೆ ಸಮೀಪ. ಅವರು ಇಳಿಯುತ್ತಿದ್ದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ೨೦೦೬ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ವಿಹಾರಕ್ಕೆ ಎರಡು ದಿವಸ ಮುಂಚೆ ಅದನ್ನು ನೋಡಿಬಂದಿದ್ದೆವು. ಅಲ್ಲಿನ ೧೬ ಕಲ್ಲುಮೆಟ್ಟಿಲುಗಳನ್ನು ಅಕ್ಕನವರು ಒಂದೊಂದಾಗಿ ಎಣಿಸಿದ್ದರು.

ಬೆಳಿಗ್ಗೆ ಒಂಬತ್ತು ಗಂಟೆಗೆ ಉತ್ತರ ತೀರದ ಗ್ರ್ಯಾನ್ ಬೇ ಎಂಬಲ್ಲಿ ನೌಕೆಯನ್ನು ಹತ್ತಿದೆವು. ಹತ್ತುವ ಮೊದಲು ಎಲ್ಲರ ಪಾದರಕ್ಷೆಗಳನ್ನೂ ಬಿಡಿಸಿ ಒಂದು ಬುಟ್ಟಿಯಲ್ಲಿ ಹಾಕಿಸಿದರು. ಅಟ್ಟಕ್ಕೆ ಮರಳೂ ಮಸಿಯೂ ಆಗಬಾರದೆಂದು ನೌಕೆಗಳಲ್ಲಿ ನಡೆದುಬಂದ ಪದ್ಧತಿಯಿದು. ಆದರೆ ಅಕ್ಕನವರು ‘ಮಡಿಯಿದೆಯಲ್ಲ!’ ಎಂದು ಅಂದಿನ ಮೊದಲ ಮೆಚ್ಚುಗೆಯನ್ನು ಕೊಟ್ಟರು. ತಂಡೇಲನು ಐವತ್ತರ ಆಸುಪಾಸಿನ ಕಪ್ಪು ಮೈಬಣ್ಣದ, ಮಾತು ಕಡಮೆಯ ಮನುಷ್ಯ. ಅವನಿಗೆ ಸಹಾಯಕನಾಗಿ ಒಬ್ಬ ಹುಡುಗ. ಮಗನೊಡನೆ ಇಂಗ್ಲಿಷಿನಲ್ಲಿಯೂ, ಹುಡುಗನೊಡನೆ ಅಲ್ಲಿನ ಕ್ರಿಯೋಲ್ ಮಾತಿನಲ್ಲಿಯೂ ವ್ಯವಹರಿಸುತ್ತಿದ್ದನು. ನಮ್ಮನ್ನು ಕೂರಿಸಿ ಮೊದಲು ಮಾಡಿದ ಕೆಲಸವೆಂದರೆ ತೇಲುವ ಅಂಗಿಗಳನ್ನು ಎಣಿಸಿ, ಮೊಮ್ಮಗನಿಗೆ ಮಕ್ಕಳ ಅಳತೆಯದನ್ನು ತಾನೇ ತೊಡಿಸಿ, ಅದರ ಪಟ್ಟಿಯನ್ನು ಎಳೆದು ನೋಡಿದುದು. ನಮಗೆ ಅವನ ಮೇಲೆ ನಂಬಿಕೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಇಲ್ಲಿ ಒಂದೆರಡು ಲೌಕಿಕದ ಮಾತುಗಳನ್ನು ಹೇಳಿಬಿಡುವುದು ಮೇಲು. ನಮ್ಮ ಹಾಗೆ ಮಗನ ಬಲವಂತಕ್ಕೆ ಸಿಕ್ಕಿ ಹೊರಡುವ ಹಿರಿಯರು ಇನ್ನೂ ಅನೇಕರಿರಬಹುದು. ಕಡಲತೀರದಲ್ಲಿ ನಡೆಯುತ್ತಿರುವಾಗ ಕೈಹಿಡಿದು ಕರೆದು ಕಡಮೆ ಬೆಲೆ ಹೇಳುವವನೊಡನೆ ನೌಕೆಯನ್ನು ಗೊತ್ತುಮಾಡತಕ್ಕದ್ದಲ್ಲ. ಆ ದ್ವೀಪದಲ್ಲಿ ಪ್ರವಾಸಿಗಳನ್ನು ಕೊಂಡೊಯ್ಯುವ ನೌಕೆಗೆ ಸರ್ಕಾರದ ಪರವಾನೆ ಇರಬೇಕು. ಅದನ್ನು ಕೇಳಿ ನೋಡಲು ಸಂಕೋಚಪಡಬೇಕಾದುದಿಲ್ಲ. ಊಟ, ಕುಡಿಯುವ ನೀರು, ನೀರಿನೊಳಗೆ ನೋಡುವ ಮುಖವಾಡಗಳು ಬೆಲೆಯಲ್ಲಿ ಸೇರಿವೆಯೇ, ಗಾಳಿ ಕೆಟ್ಟು ಹೊರಡಲಾಗದಿದ್ದರೆ ಹಣ ಹಿಂದಕ್ಕೆ ಬರುವುದೇ, ಇದನ್ನೆಲ್ಲ ಮುಂಚೆಯೇ ಬರವಣಿಗೆಯಲ್ಲಿ ಪಡೆಯಬೇಕು. ನವೆಂಬರಿನಿಂದ ಏಪ್ರಿಲಿನವರೆಗೆ ಅಲ್ಲಿ ಚಂಡಮಾರುತದ ಕಾಲ; ಜೂನಿನಿಂದ ಸೆಪ್ಟೆಂಬರಿನವರೆಗೆ ಆಗ್ನೇಯದ ಗಾಳಿ ಬಲವಾಗಿರುವ ಚಳಿಗಾಲ. ಶಾಕಾಹಾರಿಗಳೆಂಬುದನ್ನು ಒಂದಲ್ಲ ಎರಡು ಸಲ ಹೇಳಬೇಕು. ಅಲ್ಲಿನ ನೌಕೆಗಳಲ್ಲಿ ಊಟವೆಂದರೆ ಕೆಂಡದ ಮೇಲೆ ಸುಟ್ಟ ಮೀನು ಎಂದೇ ಅರ್ಥ. ನಮ್ಮ ಸೊಸೆ ಮಾತ್ರ ಯಾರ ಮಾತನ್ನೂ ನಂಬದೆ, ಉಳಿದುಕೊಂಡಿದ್ದ ಮನೆಯಲ್ಲಿಯೇ ಮೊಸರನ್ನವನ್ನು ಕಲಸಿ ಉಕ್ಕಿನ ಡಬ್ಬಿಯಲ್ಲಿ ತುಂಬಿ ತಂದಿದ್ದಳು. ಅವಳ ವಿವೇಕಕ್ಕೆ ಆಮೇಲೆ ಎಲ್ಲರೂ ತಲೆದೂಗಿದೆವು.

ಯಂತ್ರದ ಬಲದಿಂದ ಕೊಲ್ಲಿಯನ್ನು ದಾಟಿದ ಮೇಲೆ ಹಾಯಿಯನ್ನು ಏರಿಸಿದರು. ಯಂತ್ರ ನಿಂತಿತು. ಆ ಕ್ಷಣದ ನಿಶ್ಶಬ್ದವನ್ನು ವರ್ಣಿಸುವುದು ನಮ್ಮಿಂದಾಗದು. ಗದ್ದೆ ಬಯಲಿನಲ್ಲಿ ಭತ್ತ ಕುಟ್ಟುವ ಯಂತ್ರ ಸಂಜೆ ನಿಂತಾಗ ಊರೆಲ್ಲ ಉಸಿರು ಬಿಟ್ಟಂತೆ ಆಗುವುದಲ್ಲವೆ, ಅಂಥದೇ. ಅಡಿಯಲ್ಲಿ ನೀರು ಗುಳುಗುಳು ಸದ್ದು ಮಾಡುತ್ತಿದ್ದಿತು. ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಹಗ್ಗದ ಬಲೆಯನ್ನು ಬಿಗಿದಿದ್ದರು. ಮೊಮ್ಮಗನು ಅದರ ಮೇಲೆ ಮಗ್ಗುಲಾಗಿ, ಕಣ್ಣಿನ ಕೆಳಗೆಯೇ ಹರಿಯುವ ಸಮುದ್ರವನ್ನು ನೋಡುತ್ತ ಮಾತನ್ನೇ ಮರೆತನು. ಸೀರೆಯುಟ್ಟವರಿಗೆ ಈ ಬಲೆಯ ಆಸನ ತಕ್ಕುದಲ್ಲ. ನಮ್ಮ ಗೃಹಿಣಿ ಒಮ್ಮೆ ಪ್ರಯತ್ನಿಸಿ, ಕಾಲು ಸಿಕ್ಕಿಕೊಂಡು, ಇಬ್ಬರ ಸಹಾಯದಿಂದ ಎದ್ದು ಬಂದರು.

ಹವಳದ ದಿಬ್ಬದ ಬಾಗಿಲನ್ನು ದಾಟಿದೊಡನೆ ನೀರಿನ ಬಣ್ಣ ಪಚ್ಚೆಯಿಂದ ಮಸಿಯ ನೀಲಿಗೆ ತಿರುಗಿತು. ಎದುರಿಗೆ ಕ್ವಾನ್ ದ ಮೀರ್ ಎಂಬ ಬಂಡೆಯ ದ್ವೀಪ, ಕಡುಬನ್ನು ಓರೆಯಾಗಿ ಕೊಯ್ದು ಸಮುದ್ರದಲ್ಲಿ ನಿಲ್ಲಿಸಿದಂತೆ ತೋರುತ್ತಿದ್ದಿತು. ೧೮೧೦ರ ನವೆಂಬರಿನಲ್ಲಿ ಇಂಗ್ಲಿಷರ ಹಡಗುಗಳು, ಭಾರತದ ಸಿಪಾಯಿಗಳನ್ನೂ ಹೊತ್ತು, ಈ ಬಂಡೆಗೂ ನೆಲಕ್ಕೂ ನಡುವಣ ದಾರಿಯಲ್ಲಿಯೇ ನುಸುಳಿ ದ್ವೀಪವನ್ನು ಹಿಡಿದವಂತೆ. ಈಗ ಅಲ್ಲಿ ಹಕ್ಕಿಗಳ ರಾಜ್ಯ. ಬಿಳಿಯ ಮೈಗೆ ಉದ್ದವಾದ ಒಂದು ಎಳೆಯ ಬಾಲವಿರುವ ಹಕ್ಕಿಗಳು ಬಂಡೆಯ ಬಿರುಕುಗಳಿಂದ ಹಾರಿ ಹಾಯಿಯ ಮೇಲೆ ಸುತ್ತಿದವು. ಬಾಲದಲ್ಲಿ ಹುಲ್ಲುಕಡ್ಡಿ ಸಿಕ್ಕಿಸಿಕೊಂಡವೆಂದು ಅರ್ಥ ಬರುವ ಹೆಸರನ್ನು ಫ್ರೆಂಚರು ಅವಕ್ಕೆ ಇಟ್ಟಿದ್ದಾರೆ. ಬಂಡೆಯ ಮರೆ ತಪ್ಪಿದ ಕೂಡಲೇ ಮಹಾಸಾಗರದ ನಿಜವಾದ ಅಲೆ ಬಂದಿತು. ಗೃಹಿಣಿಗೆ ತಲೆ ತಿರುಗಿತು. ಕೋಣೆಯೊಳಗೆ ಹೋಗಿ ಮಲಗುತ್ತೇನೆಂದವರನ್ನು ತಂಡೇಲನು ತಡೆದು, ಹಿಂಭಾಗದಲ್ಲಿ ಗಾಳಿಗೆ ಕೂರಿಸಿ, ದೂರದ ದಿಗಂತವನ್ನೇ ನೋಡುತ್ತಿರುವಂತೆ ಹೇಳಿ, ಬಾಯಲ್ಲಿ ಶುಂಠಿಯ ಚೂರನ್ನು ಇರಿಸಿದನು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಅಕ್ಕನವರಿಗೆ ಏನೂ ಆಗಲಿಲ್ಲ! ಸೆರಗನ್ನು ಬಿಗಿದುಕೊಂಡು, ಸ್ತಂಭವೊಂದನ್ನು ಹಿಡಿದು, ದೇವರ ಮುಂದೆ ಕುಳಿತಂತೆ ನೆಟ್ಟಗೆ ಕುಳಿತಿದ್ದರು.

ಆ ಹೊತ್ತಿನಲ್ಲಿಯೇ ಅಕ್ಕನವರು ಕೋಡುಬಳೆಯ ಡಬ್ಬಿಯನ್ನು ತೆರೆದು ತಂಡೇಲನಿಗೂ ಕೊಟ್ಟು, ಅವನ ಊರು ಮನೆ ವಿಚಾರಿಸುವಂತೆ ನಮಗೆ ಅಪ್ಪಣೆ ಮಾಡಿದರು. ಅವನ ಹಿರಿಯರು ವಿಶಾಖಪಟ್ಟಣದ ಕಡೆಯಿಂದ ಬಂದ ತೆಲುಗರು. ಕೋರಂಗಿ ರೇವಿನಿಂದ ಹಡಗು ಹತ್ತಿದವರೆಂದು ಅಲ್ಲಿನ ಜನ ತೆಲುಗರಿಗೆಲ್ಲ ಕೋರಂಗಿಗಳೆಂದೇ ಹೆಸರಿಟ್ಟಿದ್ದರಂತೆ. ಮನೆಯಲ್ಲಿ ಸಿಂಹಾದ್ರಿ ಅಪ್ಪನ್ನನ ಪೂಜೆಯುಂಟು. ಯುಗಾದಿಯ ದಿವಸ ಆ ದೇಶಕ್ಕೆಲ್ಲ ಸರ್ಕಾರಿ ರಜೆ. ‘ನಮಗೂ ಯುಗಾದಿಯೇ!’ ಎಂದು ಅಕ್ಕನವರು ಕನ್ನಡದಲ್ಲಿಯೇ ಹೇಳಿದರು. ಅವನಿಗೆ ಅದು ತಿಳಿಯಿತು. ತೆಲುಗು ಮಾತು ಅವನ ತಂದೆಯ ಕಾಲಕ್ಕೇ ಮನೆಯಿಂದ ಹೊರಟುಹೋಗಿದ್ದಿತು. ಬಾಲ್ಯದಲ್ಲಿ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ, ಅಜ್ಜಿಯ ಬಾಯಿಂದ ಕೇಳಿದ ಕೆಲವು ಶಬ್ದ, ಇಷ್ಟೇ ಉಳಿದಿದ್ದುದು.

ಹನ್ನೊಂದು ಗಂಟೆಯ ಸುಮಾರಿಗೆ ಎರಡು ದ್ವೀಪಗಳ ನಡುವಣ ತಿಳಿನೀರನ್ನು ಹೊಕ್ಕೆವು. ಎಡಕ್ಕೆ ದೊಡ್ಡದಾದ ಈಲ್ ಪ್ಲಾತ್, ಎಂದರೆ ಚಪ್ಪಟೆ ದ್ವೀಪ. ಅದರ ದಿಣ್ಣೆಯ ಮೇಲೆ ೧೮೫೫ರಲ್ಲಿ ಕಟ್ಟಿದ ದೀಪಸ್ತಂಭ ಈಗಲೂ ನಿಂತಿದೆ. ಬಲಕ್ಕೆ ಚಿಕ್ಕದಾದ ಗೇಬ್ರಿಯಲ್ ದ್ವೀಪ. ನೂರೆಕರೆಗಿಂತ ಅಷ್ಟೇನೂ ಹೆಚ್ಚಿಲ್ಲ. ನೀರಿಗೆ ನೆಲವೇ ಇಲ್ಲವೋ ಎಂಬಂತೆ ಅಡಿಯ ಮರಳಿನ ಒಂದೊಂದು ಗೀರೂ ಕಾಣುತ್ತಿದ್ದಿತು. ಲಂಗರು ಹವಳವನ್ನು ಕೆಡಿಸಬಾರದೆಂದು ತಂಡೇಲನು ಅದನ್ನು ಎಸೆಯದೆ, ಅಲ್ಲಿ ಮೊದಲೇ ಕಟ್ಟಿಟ್ಟಿದ್ದ ತೇಲುಬುರುಡೆಗೆ ಹಗ್ಗವನ್ನು ಬಿಗಿದನು. ಆ ಜನಕ್ಕೆ ಹವಳದ ಮೇಲಿನ ಜಾಗ್ರತೆ ಈಚೆಗೆ ಇನ್ನೂ ಹೆಚ್ಚಾಗಿದೆ; ೨೦೨೦ರ ಜುಲೈಯಲ್ಲಿ ವಕಾಶಿಯೋ ಎಂಬ ದೊಡ್ಡ ಹಡಗು ಆಗ್ನೇಯ ತೀರದ ದಿಬ್ಬಕ್ಕೆ ಬಡಿದು, ಸುಮಾರು ಸಾವಿರ ಟನ್ನು ಎಣ್ಣೆ ಸಮುದ್ರಕ್ಕೆ ಸೋರಿತು. ಊರವರು ಕಬ್ಬಿನ ಸೋಗೆಯನ್ನು ಬಟ್ಟೆಯಲ್ಲಿ ಹೊಲಿದು, ತೇಲುಕಟ್ಟೆಗಳನ್ನು ಮಾಡಿ ಎಣ್ಣೆಯನ್ನು ತಡೆದರು. ತಮ್ಮ ಮನೆಯವರೂ ರಾತ್ರಿಯೆಲ್ಲ ಹೊಲಿದರೆಂದು ತಂಡೇಲನು ಹೇಳಿದನು.

ಮಗನೂ ಮೊಮ್ಮಗನೂ ಮುಖವಾಡಗಳನ್ನು ಕಟ್ಟಿಕೊಂಡು ನೀರಿಗಿಳಿದರು. ನಾವೂ ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತು ಮುಖವನ್ನು ನೀರಿನಲ್ಲಿ ಅದ್ದಿ ನೋಡಿದೆವು. ಹಳದಿ ಪಟ್ಟೆಯ ಮೀನುಗಳು ನಮ್ಮ ಕಾಲಿನ ಕೂದಲನ್ನು ಪರೀಕ್ಷಿಸುತ್ತಿದ್ದವು; ಈ ವಯಸ್ಸಿನಲ್ಲಿ ಇಷ್ಟು ನಕ್ಕದ್ದು ನಮಗೆ ನೆನಪಿಲ್ಲ. ಅಷ್ಟರಲ್ಲಿ ಹುಡುಗನು ಗಾತೋ ಪಿಮಾ ಎಂಬ ತಿಂಡಿಯನ್ನು ತಟ್ಟೆಯಲ್ಲಿ ತಂದನು. ಕಚ್ಚಿ ನೋಡಿದರೆ ನಮ್ಮ ಆಂಬೊಡೆ! ಬೇಳೆ, ಹಸಿಮೆಣಸು, ಕೊತ್ತಂಬರಿ. ಹೆಸರು ಮಾತ್ರ ಫ್ರೆಂಚಿನದು. ನಮ್ಮವರ ಮಾತು ಹೋಗಿ ಆಂಬೊಡೆ ಉಳಿದದ್ದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದಾಯಿತು.

ಊಟಕ್ಕೆ ಚಿಕ್ಕ ದೋಣಿಯಲ್ಲಿ ಗೇಬ್ರಿಯಲ್ ದ್ವೀಪದ ಮರಳಿಗೆ ಇಳಿದೆವು. ಬೇರೆ ನೌಕೆಗಳವರೂ ಬಂದು ಅಲ್ಲಲ್ಲಿ ಒಲೆ ಹೂಡಿದ್ದರು. ಮೀನು ಸುಡುವ ಹೊಗೆ, ಮಕ್ಕಳ ಕೂಗು, ಬಣ್ಣದ ಛತ್ರಿಗಳು. ನಾವು ಗಾಳಿಮರದಂತಹ ಮರಗಳ ನೆರಳಿನಲ್ಲಿ ಮೊಸರನ್ನದ ಡಬ್ಬಿಯನ್ನು ಬಿಚ್ಚಿದೆವು. ತಂಡೇಲನು ಮಾತ್ರ ತಿನ್ನದೆ, ಸ್ವಲ್ಪ ದೂರದಲ್ಲಿ ಸಮುದ್ರದ ಕಡೆ ಮುಖಮಾಡಿ ಕುಳಿತಿದ್ದನು. ಅಕ್ಕನವ‌ರು ಒಂದು ತುತ್ತು ಅನ್ನವನ್ನು ಕಳಿಸಿದರೆ, ನೌಕೆಯಲ್ಲಿ ತಿನ್ನುತ್ತೇನೆಂದು ವಿನಯದಿಂದ ಹಿಂದಿರುಗಿಸಿದನು. ಏಕೆಂದು ಕೇಳಿದುದಕ್ಕೆ, ಸ್ವಲ್ಪ ತಡೆದು, ಈ ಮಾತನ್ನು ಹೇಳಿದನು.

೧೮೫೬ರ ಜನವರಿಯಲ್ಲಿ ಕಲಕತ್ತೆಯಿಂದ ಕೂಲಿಗಳನ್ನು ತುಂಬಿಕೊಂಡು ‘ಹೈದರಿ’, ‘ಫತೇ ಮುಬಾರಕ್’ ಎಂಬ ಎರಡು ಹಡಗುಗಳು ಬಂದುವು. ದಾರಿಯಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಹಿಂದಿನ ವರ್ಷಗಳ ಕಾಲರಾಮಾರಿಯಿಂದ ಬೆದರಿದ್ದ ದ್ವೀಪದವರು ಹಡಗಿನ ಜನರನ್ನು ನೆಲಕ್ಕೆ ಬರಗೊಡಿಸದೆ, ಈ ಗೇಬ್ರಿಯಲ್ ದ್ವೀಪದಲ್ಲಿ ಇಳಿಸಿದರು. ಇಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಅಷ್ಟು ಜನರಿಗೆ ಸಾಲುವ ಮಾಡೂ ಇರಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು ನೂರಾರು ಮಂದಿ ಈ ಮರಳಿನಲ್ಲಿಯೇ ಸತ್ತರು. ಹತ್ತು ಕಿಲೋಮೀಟರಿನಾಚೆ ಕಬ್ಬಿನ ಗದ್ದೆಗಳ ಹಸುರು ಅವರ ಕಣ್ಣಿಗೆ ಕಾಣುತ್ತಲೇ ಇದ್ದಿರಬೇಕು. ಸುದ್ದಿ ಭಾರತಕ್ಕೆ ಮುಟ್ಟಿ, ಅದೇ ವರ್ಷ ಇಲ್ಲಿನ ಸರ್ಕಾರ ಮಾರಿಷಸ್ಸಿಗೆ ಕೂಲಿಗಳನ್ನು ಕಳಿಸುವುದನ್ನು ಕೆಲವು ಕಾಲ ನಿಲ್ಲಿಸಿತು. ಪಕ್ಕದ ಚಪ್ಪಟೆ ದ್ವೀಪದಲ್ಲಿಯೂ ಹೀಗೆ ರೋಗಿಗಳನ್ನು ಇಡುವ ಠಾಣೆಯಿದ್ದಿತು; ಅದರ ಹಾಳುಗೋಡೆಗಳು ಇನ್ನೂ ಇವೆ. ಲೆ ಕ್ಲೆಜಿಯೋ ಎಂಬ ಫ್ರೆಂಚ್ ಕಾದಂಬರಿಕಾರರು ಆ ಠಾಣೆಯನ್ನೇ ವಸ್ತುವಾಗಿಟ್ಟುಕೊಂಡು ೧೯೯೫ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದ್ದಾರೆ.

‘ನಾನು ಈ ಉದ್ಯೋಗಕ್ಕೆ ಸೇರಿದಾಗ ನನ್ನ ಅಜ್ಜಿ ಮೂರು ದಿವಸ ಮಾತು ಬಿಟ್ಟಳು,’ ಎಂದನು ತಂಡೇಲನು. ‘ಸತ್ತವರ ಮೇಲೆ ಒಲೆ ಹಚ್ಚುತ್ತೀಯಾ ಎಂದಳು. ಹೊಟ್ಟೆಯ ಪಾಡು, ಹಚ್ಚುತ್ತೇನೆ. ಬಂದವರಿಗೆ ಬಡಿಸುತ್ತೇನೆ. ನಾನು ಇಲ್ಲಿ ತಿನ್ನುವುದಿಲ್ಲ.’ ಇದನ್ನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲವೆಂದೂ, ರಜೆಗೆಂದು ಬಂದವರ ಸಂತೋಷವನ್ನು ಕೆಡಿಸುವುದು ತನ್ನ ಕೆಲಸವಲ್ಲವೆಂದೂ ಸೇರಿಸಿದನು.

ನಾವು ಅಕ್ಕನವರಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆವು. ಈ ಸಲ ಏನನ್ನೂ ಬಿಡಲಿಲ್ಲ. ಅವರು, ಗೋರಿಯೋ ಕಲ್ಲೋ ಎಲ್ಲಿದೆ ಎಂದು ಕೇಳಿದರು. ನಾವು ಇಳಿದ ಮರಳಿನ ಸುತ್ತ ಅಂಥ ಗುರುತು ಯಾವುದೂ ಕಾಣಲಿಲ್ಲ. ಕುಡಿಯುವ ನೀರು ಇರಲಿಲ್ಲವೇ ಎಂದು ಮತ್ತೆ ಕೇಳಿದರು. ಆಮೇಲೆ ತಮ್ಮ ತಾಮ್ರದ ಚೊಂಬನ್ನು ತೆಗೆದುಕೊಂಡು ಎದ್ದು, ಜನರಿಲ್ಲದ ಕಡೆಗೆ ಹತ್ತಾರು ಹೆಜ್ಜೆ ನಡೆದುಹೋಗಿ, ಒಂದು ಪೊದೆಯ ಬುಡದಲ್ಲಿ ನೀರನ್ನು ಪೂರ್ತಿ ಬಗ್ಗಿಸಿದರು. ಮಂತ್ರವನ್ನೇನೂ ಹೇಳಿದಂತೆ ಕಾಣಲಿಲ್ಲ. ಮರಳು ನೀರನ್ನು ಕೂಡಲೆ ಹೀರಿಕೊಂಡಿತು. ಹಿಂದಿರುಗಿ ಬಂದು ಚೊಂಬನ್ನು ಚೀಲದಲ್ಲಿಟ್ಟು, ಮೊಮ್ಮಗನಿಗೆ ಇನ್ನಷ್ಟು ಅನ್ನವನ್ನು ಬಡಿಸಿದರು. ತಂಡೇಲನು ಇದನ್ನು ನೋಡಿದನು; ಆದರೆ ನೋಡಿದೆನೆಂದು ತೋರಗೊಡಲಿಲ್ಲ.

ಎರಡು ಗಂಟೆಗೆ ಅವನು ಹೊರಡಬೇಕೆಂದನು. ಮಗನಿಗೆ ಇದು ಹಿಡಿಸಲಿಲ್ಲ. ಕರಾರಿನ ಪ್ರಕಾರ ಇನ್ನೂ ಒಂದು ಗಂಟೆ ನಮ್ಮದು. ಕೊಟ್ಟ ಹಣವೇನು ಕಡಮೆಯೆ? ಆಕಾಶದಲ್ಲಿ ಒಂದು ಮೋಡವಿಲ್ಲ, ನೀರು ಕನ್ನಡಿಯಂತಿದೆ. ನಾವೂ, ನಿಜವನ್ನು ಹೇಳುವುದಾದರೆ, ಮಗನ ಪಕ್ಷದಲ್ಲಿಯೇ ಇದ್ದೆವು. ತಂಡೇಲನು ಕ್ವಾನ್ ದ ಮೀರಿನ ಆಚೆ ಸಮುದ್ರದ ಅಂಚಿನಲ್ಲಿ ಕಾಣುತ್ತಿದ್ದ ಬಿಳಿಯ ಗೆರೆಯೊಂದನ್ನು ತೋರಿಸಿ, ‘ಹಣ ನಿಮ್ಮದು, ಗಾಳಿ ನಿಮ್ಮದಲ್ಲ’ ಎಂದು ಹೇಳಿ ಹಗ್ಗ ಬಿಚ್ಚತೊಡಗಿದನು. ಬರುವಾಗ ಪಕ್ಕದಿಂದ ಹಗುರವಾಗಿ ತಳ್ಳಿದ್ದ ಗಾಳಿ ಹೋಗುವಾಗ ಹೆಚ್ಚು ಎದುರಾಗಿ ಬಂದಿತು. ಎರಡು ದ್ವೀಪಗಳ ಮರೆ ತಪ್ಪಿದ ಮೇಲೆ ಅಲೆಗಳು ಬಲೆಯ ಮೇಲೆಯೇ ಚಿಮ್ಮಿದವು. ಮೊಮ್ಮಗನನ್ನು ಒಳಕ್ಕೆ ಎಳೆದುಕೊಂಡು ಎಲ್ಲರೂ ಹಿಂಭಾಗದಲ್ಲಿ ಒತ್ತಾಗಿ ಕುಳಿತೆವು. ಹಾಯಿಯನ್ನು ಒಂದು ಮಡಿಕೆ ಕಿರಿದು ಮಾಡಿ ನಿಧಾನವಾಗಿ ಸಾಗಿದರು. ಹಿಂದೆ ನೋಡಿದರೆ, ತಡವಾಗಿ ಹೊರಟ ಎರಡು ನೌಕೆಗಳು ನಮಗಿಂತ ಹೆಚ್ಚು ಕುಣಿಯುತ್ತಿದ್ದವು. ಮಗನು ಮಾತಾಡದೆ ತನ್ನ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡನು. ಅಕ್ಕನವರು ಒಂದು ಸಲ ಹಿಂದಿರುಗಿ ಆ ಚಿಕ್ಕ ದ್ವೀಪದ ಕಡೆ ನೋಡಿದರು. ಅದು ಅಲೆಗಳ ಮೇಲೆ ಒಂದು ಹಸುರು ಗೀರಿನಷ್ಟು ಮಾತ್ರ ಕಾಣುತ್ತಿದ್ದಿತು.

ಹವಳದ ದಿಬ್ಬದ ಒಳಕ್ಕೆ ಬಂದೊಡನೆ ಸಮುದ್ರ ಮತ್ತೆ ಕೆರೆಯಾಯಿತು. ಮೊಮ್ಮಗನಿಗೆ ಮಾತು ಬಂದಿತು. ಅವನು ತಂಡೇಲನ ಬಳಿ ಹೋಗಿ, ಕ್ಯಾಟಮರಾನ್ ಎಂಬುದು ನಮ್ಮ ಮಾತೆಂದೂ, ಕಟ್ಟು ಎಂದರೆ ಬಿಗಿಯುವುದು, ಮರ ಎಂದರೆ ಮರವೆಂದೂ ತನ್ನ ಶಾಲೆಯ ಇಂಗ್ಲಿಷಿನಲ್ಲಿ ವಿವರಿಸಿದನು. ತಂಡೇಲನು ಚುಕ್ಕಾಣಿಯನ್ನು ಹಿಡಿದೇ ‘ಕಟ್ಟು’ ಎಂದು ಎರಡು ಸಲ ತನ್ನಲ್ಲೇ ಹೇಳಿಕೊಂಡನು. ಹಸುವನ್ನು ಗೂಟಕ್ಕೆ ಬಿಗಿಯೆಂದು ಹೇಳುವಾಗ ತನ್ನ ಅಜ್ಜಿ ಇದೇ ಮಾತನ್ನು ಆಡುತ್ತಿದ್ದಳೆಂದನು. ನೌಕೆ ಕಟ್ಟೆಗೆ ತಾಗಿತು. ಸಹಾಯಕ ಹುಡುಗನು ಹಗ್ಗಕ್ಕೆ ಕೈಚಾಚಿದ್ದನ್ನು ತಂಡೇಲನು ಕಣ್ಣಿನಿಂದಲೇ ತಡೆದು, ಹಗ್ಗದ ತುದಿಯನ್ನು ಮೊಮ್ಮಗನ ಕೈಗೆ ಕೊಟ್ಟು, ಕಬ್ಬಿಣದ ಗೂಟವನ್ನು ತೋರಿಸಿ, ‘ಕಟ್ಟು’ ಎಂದನು.